ಮುದುಕಿಯ ಬಲಮಡಿಲು

ಏಳು ಗಂಟೆಗೆ ಅಳತೆಕೋಲನ್ನು ಹಿಮಕ್ಕೆ ಇಳಿಸಿದಾಗ ಕೊನೆಯ ಒಂದು ಗೇಣು ಅದು ತಾನಾಗಿಯೇ ಜಾರಿ ಹೋಯಿತು, ಕೆಳಗಿನಿಂದ ಯಾರೋ ಹಿಡಿದು ಎಳೆದುಕೊಂಡ ಹಾಗೆ. ಮೇನಾಳ ಮೈ ಜುಮ್ಮೆಂದಿತು. ಮೊದಲು ಬಂದದ್ದು ಹೆದರಿಕೆಯಲ್ಲ, ಖುಷಿ ಎಂಬುದು ಅವಳಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಕಳ್ಳಿಯ ಹಾಗೆ ಆಚೀಚೆ ನೋಡಿದಳು. ಅಂಚೆಮನೆಯ ಹಿತ್ತಿಲಲ್ಲಿ ಯಾರೂ ಇರಲಿಲ್ಲ. ನಲವತ್ತೊಂಬತ್ತು ವರ್ಷದ ಹೆಂಗಸು ಸೊಂಟದವರೆಗೆ ಹಿಮದಲ್ಲಿ ಹೂತು ನಿಂತು ತನ್ನಷ್ಟಕ್ಕೆ ನಗುತ್ತಿರುವುದನ್ನು ಯಾರೂ ನೋಡದಿದ್ದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಇನ್ನರ್ಮಾಟಿನ ಎಲ್ಲ ಅಡಿಗೆಮನೆಗಳಲ್ಲಿ ಅದೇ ಮಾತಾಗುತ್ತಿತ್ತು. ಅಂಚೆ ಹಂಚುವುದು ಅವಳ ಹೊಟ್ಟೆಪಾಡು, ಹಿಮ ಅಳೆಯುವುದು ಅವಳ ಹುಚ್ಚು. ಹದಿನಾರು ಚಳಿಗಾಲ ದಿನಾ ಏಳಕ್ಕೆ ಇಲ್ಲಿಗೆ ಬಂದು, ನಿನ್ನೆಯಿಂದ ಎಷ್ಟು ಬಿತ್ತು, ಒಟ್ಟು ಎಷ್ಟಾಯಿತು, ಗಾಳಿ ಯಾವ ಕಡೆಯದು ಎಂದು ಬರೆದುಕೊಂಡು, ಕೆಳಗಿನ ಪೇಟೆಯ ಹಿಮಕಚೇರಿಗೆ ಫೋನ್ ಮಾಡಿ ಹೇಳುತ್ತಾಳೆ. ಇವತ್ತು ಅಂಕಿಗಳನ್ನು ಹೇಳಿ ಮುಗಿಸಿದ ಮೇಲೂ ಫೋನ್ ಇಡಲು ಮನಸ್ಸಾಗಲಿಲ್ಲ. "ಕೋಲು ತಾನಾಗೇ ಜಾರಿತು ಸ್ವಾಮಿ," ಎಂದಳು. ಆ ಕಡೆಯ ಹುಡುಗುದನಿ "ಅದಕ್ಕೆ ಕಾಲಂ ಇಲ್ಲವಲ್ಲ ಮೇಡಂ" ಎಂದಿತು.

ಅವಳು ಮತ್ತೆ ಹಿತ್ತಿಲಿಗೆ ಹೋಗಿ ಸಲಿಕೆಯಿಂದ ಗುಂಡಿ ತೋಡಿ, ಕೈಗವಸು ಕಳಚಿ, ತಳದ ಹಿಮವನ್ನು ಬರಿಗೈಯಲ್ಲಿ ತೆಗೆದುಕೊಂಡಳು. ಉಂಡೆ ಕಟ್ಟಲು ನೋಡಿದರೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಸಕ್ಕರೆಯ ಹಾಗೆ ಸೋರಿತು. ಈ ಸಕ್ಕರೆಯನ್ನು ಅವಳು ನವೆಂಬರಿನಿಂದ ಬಲ್ಲಳು. ಆ ತಿಂಗಳು ಮೊಣಕಾಲಿಗಿಂತ ಕಡಿಮೆ ಹಿಮ ಬಿದ್ದು, ಆಮೇಲೆ ಮೂರು ವಾರ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಊರಿಗೆ ಊರೇ ಬೆಂಚು ಹೊರಗೆ ಹಾಕಿಕೊಂಡು ಎಂಥಾ ಬಿಸಿಲು, ಎಂಥಾ ಬಿಸಿಲು ಎಂದು ಕಾಲು ಚಾಚಿ ಕೂತಿದ್ದಾಗ ಮೇನಾ ಒಬ್ಬಳು ಮುಖ ಗಂಟಿಕ್ಕಿಕೊಂಡು ಓಡಾಡಿದ್ದಳು. ಮೇಲೆ ರಾತ್ರಿಯ ಕೊರೆಯುವ ಚಳಿ, ಕೆಳಗೆ ಬೇಸಿಗೆಯ ಬಿಸುಪನ್ನು ಇನ್ನೂ ಬಿಟ್ಟುಕೊಡದ ನೆಲ. ನಡುವೆ ಸಿಕ್ಕಿಕೊಂಡ ತೆಳು ಹಿಮ ನೆಲದ ಆ ಉಸಿರನ್ನು ಕುಡಿದು ಕುಡಿದು ಕಾಳುಕಾಳಾಗಿ, ಒಂದಕ್ಕೊಂದು ಅಂಟದ ಹರಳಾಗಿ ಬಿಡುತ್ತದೆ. ಅದರ ಮೇಲೆ ಜನವರಿಯ ಹಿಮ ಕೂತಿತು. ಅದರ ಮೇಲೆ ಈಗ ನಾಲ್ಕು ದಿನದಿಂದ ವಾಯವ್ಯದ ಗಾಳಿ ಹೊತ್ತು ತಂದು ಒತ್ತಿ ಕೂರಿಸಿದ ಒಂದೂವರೆ ಮೀಟರು. ಇಳಿಜಾರಿನಲ್ಲಿ ಸಕ್ಕರೆ ಹರಡಿ ಅದರ ಮೇಲೆ ಕಲ್ಲುಚಪ್ಪಡಿ ಇಟ್ಟ ಹಾಗೆ. ಚಪ್ಪಡಿ ಗಟ್ಟಿಯಾದಷ್ಟೂ ಕೇಡು ಹೆಚ್ಚು, ಏಕೆಂದರೆ ಒಂದು ಮೂಲೆಯಲ್ಲಿ ಸಕ್ಕರೆ ಕುಸಿದರೆ ಸಾಕು, ಬಿರುಕು ಚಪ್ಪಡಿಯ ಉದ್ದಕ್ಕೂ ಕಣ್ಣು ಮಿಟುಕಿಸುವುದರೊಳಗೆ ಓಡುತ್ತದೆ. ಇದನ್ನು ತಮ್ಮ ಯೋಸ್ಟ್‌ಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅವನು ಹಿಮದ ಮೇಲೆ ಧಪಧಪ ಕುಣಿದು "ನೋಡಕ್ಕ, ಕಾಲೇ ಹೂಳಲ್ಲ, ಎಷ್ಟು ಗಟ್ಟಿ ಇದೆ" ಎನ್ನುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅವಳು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಇನ್ನರ್ಮಾಟಿನಲ್ಲಿ ಹಸುಗಳಿಗೆ ಹೆಸರಿಡುವ ಹಾಗೆ ಹಿಮಕುಸಿತಗಳಿಗೂ ಹೆಸರಿಟ್ಟಿದ್ದಾರೆ. ಕುಂಟಿ ಅಂತ ಒಂದು, ಅದು ಅರ್ಧ ದಾರಿಗೇ ನಿಲ್ಲುತ್ತದೆ. ಪಾದ್ರಿ ಅಂತ ಒಂದು, ಭಾನುವಾರವೇ ಬೀಳುವುದು ಹೆಚ್ಚು. ಎಲ್ಲಕ್ಕಿಂತ ದೊಡ್ಡವಳು ಮುದುಕಿ. ಊರಿನ ಪಕ್ಕದ ಕೊರಕಲಿನ ನೆತ್ತಿಯಲ್ಲಿ, ಮೋಡದ ಮರೆಯಲ್ಲಿ, ಎರಡು ಮಡಿಲು ಹರಡಿಕೊಂಡು ಕೂತಿದ್ದಾಳೆ. ನಡುವೆ ಒಂದು ಬಂಡೆಯ ಏಣು. ಎಡಮಡಿಲಲ್ಲಿ ಬರಿಯ ಹುಲ್ಲು. ಬಲಮಡಿಲಲ್ಲಿ ಆಳೆತ್ತರದ ಆಲ್ಡರ್ ಪೊದೆ, ಆಡು ಕೂಡ ನುಗ್ಗಲು ಹಿಂದೆಮುಂದೆ ನೋಡುವಂಥದ್ದು. ಚಳಿಗಾಲಕ್ಕೊಮ್ಮೆ ಅವಳು ಇಳಿಯುತ್ತಾಳೆ, ಕೊರಕಲಿನ ಬಾಯಿಂದ ಹೊರಬಂದು ಆಚೆದಂಡೆಯ ಕೊಟ್ಟಿಗೆಗಳಿಗೆ ಹೋಗುವ ದಾರಿಯನ್ನು ಮುಚ್ಚುತ್ತಾಳೆ. ಅವಳು ಇಳಿಯುವ ತನಕ ಆ ದಾರಿಯಲ್ಲಿ ನಡೆಯುವವರು ಮಾತಾಡದೆ ಬೇಗ ಬೇಗ ನಡೆಯುತ್ತಾರೆ. ಇಳಿದ ಮೇಲೆ ಚರ್ಚಿನ ಚಿಕ್ಕ ಗಂಟೆ ಮೂರು ಸಲ ಹೊಡೆಯುತ್ತದೆ, ಕೊಟ್ಟಿಗೆ ಇರುವವನು ಒಂದು ಕರಿರೊಟ್ಟಿ ತೆಗೆದುಕೊಂಡು ಹೋಗಿ ಬಿದ್ದ ಹಿಮದ ಮೇಲೆ ಇಟ್ಟು ದಾಟುತ್ತಾನೆ, ಅಲ್ಲಿಂದಾಚೆ ಮುಂದಿನ ವರ್ಷದವರೆಗೆ ಯಾರಿಗೂ ಭಯವಿಲ್ಲ. ಒಂದು ಚಳಿಗಾಲಕ್ಕೆ ಒಬ್ಬಳೇ ಮುದುಕಿ ಎಂಬುದು ಮೇನಾಳ ಅಪ್ಪನ ಮಾತು, ಅವನ ಅಪ್ಪನ ಮಾತು, ಊರಿನ ಮಾತು. ಅವಳು ಯಾವ ದಿನ ಇಳಿಯುತ್ತಾಳೆ ಎಂಬುದರ ಮೇಲೆ ಕ್ರೆಸೆನ್ಸಳ ಹೋಟೆಲಿನಲ್ಲಿ ಪಂದ್ಯ. ಗೋಡೆಯ ಕರಿಹಲಗೆಯ ಮೇಲೆ ಒಬ್ಬೊಬ್ಬರೂ ಒಂದೊಂದು ದಿನಕ್ಕೆ ಹೆಸರು ಬರೆಸುತ್ತಾರೆ, ಗೆದ್ದವನಿಗೆ ಎರಡು ವರ್ಷ ಹಳೆಯ ಚೀಸಿನ ಇಡೀ ಗಾಲಿ. ಹಿಮ ಅಳೆಯುವವಳಿಗೆ ಮಾತ್ರ ಹೆಸರು ಬರೆಸುವ ಹಕ್ಕಿಲ್ಲ. ಹದಿನಾರು ವರ್ಷದಿಂದ ಅವಳು ಆ ಹಲಗೆಯನ್ನು ಊಟ ಸಿಗದವಳ ಹಾಗೆ ನೋಡುತ್ತಾ ಬಂದಿದ್ದಾಳೆ.

ನಿನ್ನೆ ಮಧ್ಯಾಹ್ನ ಅವಳೇ ದಾರಿಗೆ ಅಡ್ಡ ಹಗ್ಗ ಕಟ್ಟಿಸಿದ್ದಳು. ಯೋಸ್ಟ್ ಹಗ್ಗವನ್ನು ನೋಡಿದ, ಅವಳನ್ನು ನೋಡಿದ, ಬಂದ ದಾರಿ ಹಿಡಿದ. ಆಚೆದಂಡೆಯಲ್ಲಿ ಅವನ ಆರು ಹಸು. ನಿನ್ನೆ ಬೆಳಗಿನಿಂದ ಮೇವಿಲ್ಲ, ಹಾಲು ಕರೆದಿಲ್ಲ. ಅವನು ಬೈದಿದ್ದರೆ ವಾಸಿಯಿತ್ತು. ಮೂರು ವರ್ಷದ ಹಿಂದೆ ಬೈದಿದ್ದ. ಆಗಲೂ ಹೀಗೇ ಸಕ್ಕರೆ, ಹೀಗೇ ಗಾಳಿ. ಅವಳ ಮಾತು ನಂಬಿ ಮೇಲಿನ ಕೇರಿಯ ಹನ್ನೊಂದು ಮನೆಯವರು ಹಾಸಿಗೆ ಹೊತ್ತುಕೊಂಡು ಕೆಳಗಿನ ಶಾಲೆಯಲ್ಲಿ ನಾಲ್ಕು ದಿನ ಬಿದ್ದುಕೊಂಡರು, ಮಕ್ಕಳು ಕಚ್ಚಾಡಿದರು, ಮುದುಕರು ಕೆಮ್ಮಿದರು, ಮತ್ತು ಮುದುಕಿ ಬರಲೇ ಇಲ್ಲ. ಬಿಸಿಲು ಬಂತು, ಹಿಮ ಗೌರವಸ್ಥ ಹೆಂಗಸಿನ ಹಾಗೆ ನಿಧಾನವಾಗಿ ಕರಗಿ ಹೋಯಿತು. ಆ ನಾಲ್ಕು ದಿನದಲ್ಲಿ ಯೋಸ್ಟ್‌ನ ಲೀಸಿ ಎಂಬ ಹಸು ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡು, ಪಕ್ಕದಲ್ಲಿ ಕೈ ಹಾಕುವವರಿಲ್ಲದೆ, ಕೊಟ್ಟಿಗೆಯಲ್ಲಿ ಸತ್ತಿತು. ಆ ವರ್ಷದ ಕಾರ್ನಿವಾಲಿನ ಮೆರವಣಿಗೆಯಲ್ಲಿ ಒಬ್ಬ ದಪ್ಪ ಮೀಸೆಯವನು ಅವಳ ಅಂಚೆಯ ಟೋಪಿ ಹಾಕಿ, ಲಂಗ ಉಟ್ಟು, ಮೂರಾಳುದ್ದದ ಅಳತೆಕೋಲು ಹಿಡಿದು, ಹೆಜ್ಜೆಗೊಮ್ಮೆ ಮಂಡಿಯೂರಿ "ಬಾರೇ ಮುದುಕಿ, ನನ್ನ ಮಾನ ಉಳಿಸೇ" ಎಂದು ಗೋಳಾಡುತ್ತ ತನ್ನ ತಲೆಯ ಮೇಲೆ ತಾನೇ ಮೈದಾಹಿಟ್ಟು ಸುರಿದುಕೊಂಡ. ಊರು ಬಿದ್ದು ಬಿದ್ದು ನಕ್ಕಿತು. ಮೇನಾಳೂ ನಕ್ಕಳು. ನಗದಿದ್ದರೆ ಇನ್ನೂ ಕೇಡು. ಆದರೆ ಶಾಲೆಯಲ್ಲಿ ಮೂರನೆಯ ಮಧ್ಯಾಹ್ನ ಎಲ್ಲರೂ ಸೂಪು ಕುಡಿಯುತ್ತಿದ್ದಾಗ ಅವಳು ಕಾರಿಡಾರಿನ ಕೊನೆಯ ಕಿಟಕಿಗೆ ಹಣೆಯೊತ್ತಿ ನಿಂತು, ಬಾ, ಬಾರೇ, ಒಂದು ಸಲ ಬಂದು ಹೋಗೇ ಎಂದು ನಿಜವಾಗಿಯೂ ಬೇಡಿಕೊಂಡಿದ್ದಳು. ಯಾರೂ ಕೇಳಿರಲಿಲ್ಲ. ಆ ಮೀಸೆಯವನಿಗೆ ಹೇಗೆ ಗೊತ್ತಾಯಿತು?

ಒಂಬತ್ತು ಇಪ್ಪತ್ತಕ್ಕೆ ಮುದುಕಿ ಬಂದಳು. ಮೇನಾ ಅಂಚೆಮನೆಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಮೊದಲು ಕಿಟಕಿಯ ಗಾಜು ಸಣ್ಣಗೆ ನಡುಗಿತು, ಆಮೇಲೆ ಕಲ್ಲಿನ ಸೇತುವೆಯ ಮೇಲೆ ಗಾಡಿ ಹಾದ ಹಾಗೆ ಸದ್ದು, ಆಮೇಲೆ ಮೌನ. ಮೋಡ ಕೆಳಗಿಳಿದಿದ್ದರಿಂದ ಏನೂ ಕಾಣಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಹಾಗೇ ಚೆಲ್ಲಿ ಅವಳು ಹೊರಗೆ ಓಡಿದಳು. ನಾನು ಹೇಳಿರಲಿಲ್ಲವೆ, ನಾನು ಹೇಳಿರಲಿಲ್ಲವೆ ಎಂದು ಎದೆ ಡೋಲು ಬಡಿಯುತ್ತಿತ್ತು. ಓಡುತ್ತಿರುವಂತೆಯೇ ಚಿಕ್ಕ ಗಂಟೆ ಹೊಡೆಯಿತು, ಮೂರು ಸಲ, ಬಹಳ ಉತ್ಸಾಹದಿಂದ. ಹೊಡೆದವನು ಗಂಟೆ ನೋಡಿಕೊಳ್ಳುವ ಥೆಯೋಡುಲ್ ತಾತ. ಎಂಬತ್ತೊಂದು ವರ್ಷ. ಕರಿಹಲಗೆಯ ಮೇಲೆ ಇವತ್ತಿನ ದಿನಕ್ಕೆ ಬರೆದಿದ್ದದ್ದೂ ಅವನ ಹೆಸರೇ. ಬಾಗಿಲುಗಳು ತೆರೆದವು, ಜನ ಒಬ್ಬರನ್ನೊಬ್ಬರು ಕೂಗಿ ಕರೆದರು, ಕ್ರೆಸೆನ್ಸ್ ಹೋಟೆಲಿನ ಜಗಲಿಯಲ್ಲಿ ನಿಂತು ಏಪ್ರನ್ ಬೀಸಿದಳು. "ಮೇನಾ! ಇಳಿದಳಲ್ಲೇ ನಿನ್ನ ಗೆಳತಿ! ಬಾ, ಇವತ್ತು ನಿನಗೆ ಒಂದು ಲೋಟ ನನ್ನ ಲೆಕ್ಕದಲ್ಲಿ!" ಮೇನಾಳಿಗೆ ಅಳು ಬಂದುಬಿಟ್ಟಿತು. ಮೂರು ವರ್ಷದಲ್ಲಿ ಆ ಹೆಂಗಸು ಅವಳನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಇಲ್ಲೇ ನಿಂತುಬಿಡಬಹುದಿತ್ತು. ಜಗಲಿಗೆ ಹೋಗಿ, ಲೋಟ ಹಿಡಿದು, ಗೆದ್ದವಳಾಗಿ ಕೂರಬಹುದಿತ್ತು. ಆದರೆ ಕಣ್ಣಲ್ಲಿ ನೋಡದೆ ಹಿಮದ ಬಗ್ಗೆ ಮಾತಾಡಿದ ರೂಢಿ ಅವಳಿಗಿರಲಿಲ್ಲ, ಹಾಗಾಗಿ ಅಳತೆಕೋಲು ಹಿಡಿದು ಕೊರಕಲಿನ ಬಾಯಿಯ ಕಡೆಗೆ ಇಳಿದಳು.

ಬಿದ್ದ ಹಿಮ ದಾರಿಯ ಮೇಲೆ ನಾಲಿಗೆ ಚಾಚಿ ಮಲಗಿತ್ತು. ಇನ್ನೂ ಒಳಗೊಳಗೇ ಕರಕರ ಎನ್ನುತ್ತಾ ಗಟ್ಟಿಯಾಗುತ್ತಿತ್ತು. ಅದರ ಹತ್ತಿರ ನಿಂತಾಗ ಅವಳಿಗೆ ಯಾವಾಗಲೂ ಮದುವೆಮನೆಗೆ ಬಂದ ಹಾಗಾಗುತ್ತದೆ, ಎಲ್ಲಿ ನೋಡಲಿ ಏನು ಮುಟ್ಟಲಿ ಎಂದು. ಕೋಲು ಇಳಿಸಿದಳು, ಎರಡು ಮೀಟರು. ಅಷ್ಟೇಯೆ? ಮುಂದೆ ಹೋಗಿ ಮತ್ತೆ ಇಳಿಸಿದಳು, ಎರಡಕ್ಕೂ ಕಡಿಮೆ. ಹಿಮದ ಗಡ್ಡೆಯೊಂದನ್ನು ಒಡೆದಳು. ಒಳಗೆ ಹಳದಿ ಹುಲ್ಲಿನ ಎಳೆ. ಇನ್ನೊಂದು ಒಡೆದಳು, ಹುಲ್ಲು. ಮೂರನೆಯದು, ನಾಲ್ಕನೆಯದು, ಮಂಡಿಯೂರಿ ಎರಡೂ ಕೈಯಲ್ಲಿ ಕೆದಕಿದಳು. ಹುಲ್ಲು, ಹುಲ್ಲು, ಒಂದು ಇಲಿಯ ಗೂಡು, ಹುಲ್ಲು. ಚಿಕ್ಕವಳಿದ್ದಾಗ ಅಪ್ಪ ಈ ಹಿಮದಿಂದಲೇ ಒಲೆಗೆ ಚಕ್ಕೆ ಆರಿಸುತ್ತಿದ್ದ. ಪ್ರತಿ ವರ್ಷ ಮುದುಕಿ ತನ್ನ ಬಲಮಡಿಲಿನ ಆಲ್ಡರ್ ಕೊಂಬೆಗಳನ್ನು ಮುರಿದು ತಂದು ಹಾಕುತ್ತಿದ್ದಳು, ಕಂದು ಮೊಗ್ಗಿನ ಸಮೇತ, ಮನೆಯೆಲ್ಲ ಅದರ ಕಹಿ ವಾಸನೆ. ಇವತ್ತು ಒಂದು ಕಡ್ಡಿಯೂ ಇಲ್ಲ. ಅವಳ ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗಾಯಿತು. ಇಳಿದಿದ್ದದ್ದು ಎಡಮಡಿಲು ಮಾತ್ರ. ಬಲಮಡಿಲು ತುಂಬಿಕೊಂಡು, ತನ್ನ ಅರ್ಧ ಆಸರೆಯನ್ನು ಕಳೆದುಕೊಂಡು, ಮೋಡದ ಹಿಂದೆ ಹಾಗೇ ತೂಗುತ್ತಿದೆ. ಪೊದೆಗಳ ಸಂದಿಯಲ್ಲಿ ಗಾಳಿ ಆಡಿ ಅಲ್ಲಿನ ಸಕ್ಕರೆ ಇನ್ನೂ ದಪ್ಪ. ತಾನು ನಿಂತಿರುವುದು ಅದರ ನೇರ ಕೆಳಗೆ.

"ಏನಕ್ಕ, ನಾಣ್ಯ ಬಿದ್ದುಹೋಯ್ತಾ?"

ಯೋಸ್ಟ್ ಹಿಂದೆ ನಿಂತಿದ್ದ. ಬೆನ್ನಿಗೆ ಹಾಲಿನ ಕ್ಯಾನು, ಕಂಕುಳಲ್ಲಿ ಕರಿರೊಟ್ಟಿ. ಹಗ್ಗವನ್ನು ದಾಟಿ ಬಂದಿದ್ದ; ಗಂಟೆ ಹೊಡೆದ ಮೇಲೆ ಹಗ್ಗಕ್ಕೆ ಏನು ಬೆಲೆ? ಮುಖದಲ್ಲಿ ನಗು ಇತ್ತು, ಬಹಳ ದಿನದ ಮೇಲೆ.

"ಮೊದಲು ಇಲ್ಲಿಂದ ಹಿಂದಕ್ಕೆ ಬಾ," ಎಂದಳು ಮೇನಾ. ತೋಳು ಹಿಡಿದು ಅವನನ್ನು ಹಗ್ಗದ ಈಚೆಗೆ ಎಳೆದುಕೊಂಡು ಬಂದಳು. "ಅರ್ಧವೇ ಬಂದಿರೋದು ಕಣೋ. ಹುಲ್ಲು ಮಾತ್ರ ಇದೆ, ಆಲ್ಡರ್ ಇಲ್ಲ. ಬಲಗಡೆಯದು ಇನ್ನೂ ಮೇಲೇ ಇದೆ."

"ಗಂಟೆ ಹೊಡೆದಾಯ್ತಲ್ಲ."

"ಗಂಟೆ ಹೊಡೆದೋನು ಥೆಯೋಡುಲ್ ತಾತ. ಅವನಿಗೆ ಚೀಸ್ ಕಾಣ್ತಿದೆ, ಮೋಡದ ಹಿಂದೆ ಏನಿದೆ ಅಂತ ಕಾಣ್ತದಾ?"

"ನಿನಗೆ ಕಾಣ್ತದಾ?"

ಅವಳು ತಲೆಯೆತ್ತಿದಳು. ಕಾಣುತ್ತಿರಲಿಲ್ಲ. ಮೇಲೆ ಬರೀ ಬೂದು.

"ಒಂದು ಚಳಿಗಾಲಕ್ಕೆ ಒಬ್ಬಳೇ ಮುದುಕಿ," ಎಂದ ಯೋಸ್ಟ್. "ಅಪ್ಪ ಹೇಳಿದ್ದು. ಅಪ್ಪನಿಗೆ ಕೋಲೂ ಇರಲಿಲ್ಲ, ಫೋನೂ ಇರಲಿಲ್ಲ, ಹಾಸಿಗೆ ಮೇಲೇ ಸತ್ತ. ದಾರಿ ಬಿಡು ಅಕ್ಕ. ಹಸುಗಳು ನಿನ್ನೆಯಿಂದ ಒದ್ದಾಡ್ತಿವೆ, ಕೆಚ್ಚಲು ಕಲ್ಲಾಗಿರ್ತದೆ."

"ಎರಡು ದಿನ ತಾಳೋ."

"ಆಗಲೂ ಎರಡು ದಿನ ಅಂದಿದ್ದೆ." ನಗು ಆರಿಹೋಯಿತು. ಕ್ಯಾನಿನ ಪಟ್ಟಿಯನ್ನು ಬಿಗಿ ಮಾಡಿಕೊಳ್ಳುತ್ತಾ, ಅವಳ ಕಡೆ ನೋಡದೆ, ಸಾವಕಾಶವಾಗಿ ಹೇಳಿದ: "ಸತ್ಯ ಹೇಳ್ಲಾ? ಅವಳು ಬರ್ತಾಳೆ ಅಂತ ನಿನಗೆ ಗೊತ್ತಿರೋದಲ್ಲ. ಬರ್ಬೇಕು ಅಂತ ನಿನಗೆ ಆಸೆ."

 ಬೇರೆ ಏನು ಅಂದಿದ್ದರೂ ಮೇನಾ ಉತ್ತರ ಕೊಡುತ್ತಿದ್ದಳು. ಬೆಳಿಗ್ಗೆ ಕೋಲು ಜಾರಿದಾಗ ನಕ್ಕದ್ದು ನೆನಪಾಯಿತು, ಕಾರಿಡಾರಿನ ಕಿಟಕಿಯ ತಣ್ಣನೆಯ ಗಾಜು ಹಣೆಗೆ ನೆನಪಾಯಿತು. ಹೌದಲ್ಲ. ಈಗಲೂ, ಈ ತಮ್ಮ ಎದುರಿಗೆ ನಿಂತಿರುವಾಗಲೂ, ಬಲಮಡಿಲಿನ ಒಂದೂವರೆ ಮೀಟರು ಚಪ್ಪಡಿಯನ್ನು ನೆನೆದರೆ ಎದೆ ಹಾರುತ್ತದೆ, ಅದು ಬರಿಯ ಭಯವಲ್ಲ. ಹಾಗಾದರೆ ಹುಲ್ಲಿನ ಎಳೆಗಳು? ಅವು ಇದ್ದದ್ದನ್ನು ನೋಡಿದ್ದೋ, ಬೇಕಾದ್ದನ್ನು ನೋಡಿದ್ದೋ? ಆಸೆಪಡುವವಳ ಕಣ್ಣನ್ನು ಆಸೆಪಡುವವಳೇ ನಂಬುವುದು ಹೇಗೆ? ಅಷ್ಟರಲ್ಲಿ ಯೋಸ್ಟ್ ಹಗ್ಗವನ್ನು ಎತ್ತಿ ತಲೆ ತೂರಿಸಿದ. ಒಂದು ಕಾಲು ಆಚೆ ಇಟ್ಟ. ಅವಳಿಗೆ ಅವನ ಬೂಟಿನ ಹಿಮ್ಮಡಿ ಕಂಡಿತು, ಒಂದು ಪಕ್ಕ ಸವೆದದ್ದು, ಅಪ್ಪನದರ ಹಾಗೆಯೇ. ಸಕ್ಕರೆ, ಚಪ್ಪಡಿ, ಬಿರುಕು ಎಂದು ಇನ್ನೊಂದು ಸಲ ಹೇಳಿದರೆ ಇವನು ಇನ್ನೂ ಬೇಗ ನಡೆಯುತ್ತಾನೆ. ಅವಳ ಕಣ್ಣು ದಿಕ್ಕು ತೋಚದೆ ದಾರಿಯ ಕೆಳಗೆ ಹೋಯಿತು, ಅಲ್ಲಿ ಶಿಲುಬೆ ಕಲ್ಲು ನಿಂತಿತ್ತು, ನೀಲಿ ಬಣ್ಣದ ಶಿಲುಬೆ ಬಳಿದ ಆನೆಯಷ್ಟು ದೊಡ್ಡ ಬಂಡೆ. ಅದರ ಸುತ್ತ ನಿನ್ನೆಯ ಹಿಮ ಮುಟ್ಟದೆ ಹಾಗೇ ಇತ್ತು.

"ಯೋಸ್ಟ್," ಎಂದಳು. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಸೋಜಿಗವಾಯಿತು. "ಹಲಗೆ ಮೇಲೆ ನಿನ್ನ ದಿನ ಯಾವುದು?"

"ನಾಳೆ. ಯಾಕೆ? ಒಂದು ದಿನದಲ್ಲಿ ತಪ್ಪೋಯ್ತು. ಹಾಳಾಗ್ಲಿ."

"ತಪ್ಪಿಲ್ಲ. ಕಲ್ಲು ನೋಡು."

ಅವನು ನೋಡಿದ.

"ಮುಟ್ಟಿಲ್ಲ," ಎಂದಳು ಮೇನಾ. "ಶಿಲುಬೆ ಕಲ್ಲು ಮುಟ್ಟಿದ್ರೆ ಮಾತ್ರ ಬಂದ ಹಾಗೆ. ಕ್ರೆಸೆನ್ಸಕ್ಕನ ಅಜ್ಜ ಹಲಗೆ ಹಿಂದೆ ಬರೆದಿಟ್ಟಿದ್ದಾನೆ, ನಾವೆಲ್ಲ ಓದಿದ್ದೇವೆ. ಬಂದಾಗಲೆಲ್ಲ ಮುಟ್ತಾನೇ ಇದ್ದಳು, ಅದಕ್ಕೆ ಯಾರಿಗೂ ನೆನಪಿಲ್ಲ. ಮುದುಕ ಪುಕ್ಕಟೆ ನಿನ್ನ ಚೀಸ್ ತಿಂತಾ ಇದ್ದಾನೆ. ಆದ್ರೆ ಒಂದು, ನೀನು ಈಗ ರೊಟ್ಟಿ ಇಟ್ಟು ದಾಟಿದೆ ಅಂದ್ರೆ ಬಂದಳು ಅಂತ ನೀನೇ ಒಪ್ಪಿಕೊಂಡ ಹಾಗೆ."

ಯೋಸ್ಟ್ ಹಗ್ಗದ ಕೆಳಗೆ ಬಗ್ಗಿದವನು ಬಗ್ಗಿದ ಹಾಗೇ ನಿಂತ. ಜೀವದ ಮೇಲಿನ ಮಾತು ಒಳಗಿಳಿಯದ ಮನುಷ್ಯನಿಗೆ ಇದು ಬೆಣ್ಣೆಯ ಹಾಗೆ ಇಳಿಯಿತು. ಆಚೆ ಇಟ್ಟ ಕಾಲನ್ನು ಈಚೆ ತೆಗೆದ. "ಆ ಹಲ್ಲಿಲ್ಲದ ಕಳ್ಳ," ಎಂದ. "ಹೋದ ವರ್ಷ ನನ್ನ ಕುಡುಗೋಲನ್ನೂ ಹೀಗೇ ನುಂಗಿದ." ಎಂದವನೇ ಕ್ಯಾನು ಕುಲುಕಿಸಿಕೊಂಡು ಹೋಟೆಲಿನ ಕಡೆಗೆ ದಾಪುಗಾಲು ಹಾಕಿದ.

ಜಗಲಿಯ ಮೇಲೆ ಆಗಲೇ ಚೀಸಿನ ಗಾಲಿ ಹೊರಗೆ ಬಂದಿತ್ತು, ಥೆಯೋಡುಲ್ ತಾತ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ಯೋಸ್ಟ್ ಹೋದವನೇ "ಕೈ ತೆಗೀ ತಾತ" ಎಂದ. ಅಲ್ಲಿಂದ ಶುರುವಾಯಿತು. ಕ್ರೆಸೆನ್ಸ್ ಗೋಡೆಯ ಹಲಗೆಯನ್ನು ಇಳಿಸಿ ತಿರುಗಿಸಿದಳು, ಹಿಂದಿನ ಧೂಳನ್ನು ಏಪ್ರನ್ನಿನಿಂದ ಒರೆಸಿದಳು, ಕನ್ನಡಕಕ್ಕಾಗಿ ಒಳಗೆ ಹೋದಳು, ಬಂದು ಎರಡು ಸಲ ಓದಿದಳು. ಕಲ್ಲು ಮುಟ್ಟಿದರೆ ಮಾತ್ರ ಬಂದ ಹಾಗೆ, ಮುಟ್ಟದಿದ್ದರೆ ಮೂರು ದಿನ ಕಾಯತಕ್ಕದ್ದು. "ಇದು ಚೀಸಿನ ವಿಷಯ ಅಷ್ಟೇ" ಎಂದು ತಾತ ಕಿರುಚಿದ. "ಗಂಟೆ ಹೊಡೆದಾಯ್ತು! ಹೊಡೆದ ಗಂಟೆನ ವಾಪಸ್ ತಗೊಳ್ಳೋಕಾಗ್ತದೇನೋ ಎಮ್ಮೆ ತಮ್ಮಣ್ಣ?" "ಗಂಟೆ ಹೊಡೆದೋನೂ ನೀನೇ, ಗೆದ್ದೋನೂ ನೀನೇ, ಚೆನ್ನಾಗಿದೆ ನ್ಯಾಯ!" ತಮ್ಮನ ಹಿಂದೆಯೇ ಬಂದು ಜಗಲಿಯ ಅಂಚಿನಲ್ಲಿ ನಿಂತ ಮೇನಾಳಿಗೆ ಅವರ ಮಾತು ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಮೂರು ದಿನ ಕಾಯತಕ್ಕದ್ದು. ಆ ಅಕ್ಷರಗಳನ್ನು ಅವಳು ಎಷ್ಟೋ ಸಲ ಓದಿದ್ದಳು, ಪಂದ್ಯದ ತಂಟೆ ಎಂದುಕೊಂಡಿದ್ದಳು. ಈಗ ಅವಳ ರೋಮ ನಿಮಿರಿತು. ಕ್ರೆಸೆನ್ಸಳ ಅಜ್ಜನಿಗೆ ಚೀಸ್ ಮುಖ್ಯವಾಗಿರಲಿಲ್ಲ. ಅವನು ಅರ್ಧ ಬಂದ ಮುದುಕಿಯನ್ನು ನೋಡಿದ್ದವನು. ಕೋಲಿಲ್ಲದೆ, ಕಾಲಂ ಇಲ್ಲದೆ, ತನ್ನ ಊರಿನವರು ಏನನ್ನು ಮರೆಯುವುದಿಲ್ಲ ಎಂದು ಯೋಚಿಸಿ ಪಂದ್ಯದ ಹಲಗೆಯ ಮೇಲೇ ಬರೆದಿಟ್ಟವನು. ಎಷ್ಟು ಜನರನ್ನು ಅಗೆದು ತೆಗೆದ ಮೇಲೆ ಬರೆದನೋ.

ಹನ್ನೊಂದು ಮುಕ್ಕಾಲಿಗೆ ತಾತ ಮತ್ತು ಯೋಸ್ಟ್ ಕಲ್ಲನ್ನು ದುರ್ಬೀನಿನಲ್ಲಿ ನೋಡುವ ಸರದಿಗಾಗಿ ಜಗಳವಾಡುತ್ತಿದ್ದರು. ಮೊದಲು ಒಂದು ಹುಂಕಾರ ಕೇಳಿತು. ಕಿವಿಗೆ ಅಲ್ಲ, ಹೊಟ್ಟೆಗೆ. ದೊಡ್ಡ ಪ್ರಾಣಿ ನಿದ್ದೆಯಲ್ಲಿ ಮಗ್ಗುಲಾದ ಹಾಗೆ. ಅದು ಸಕ್ಕರೆ ಕುಸಿದ ಸದ್ದು ಎಂದು ಆ ಜಗಲಿಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಒಂದು, ಎರಡು, ಮೂರು ಎಂದು ಎಣಿಸಿದಳು, ಮೋಡದೊಳಗೆ ಬಿರುಕು ಓಡುತ್ತಿರುವುದನ್ನು ಚರ್ಮದಿಂದಲೇ ನೋಡಿದಳು, ನಾಲ್ಕಕ್ಕೆ ಮೋಡವೇ ಕೆಳಗೆ ಬಿತ್ತು. ಬಿಳಿಯ ಗೋಡೆಯೊಂದು ಕೊರಕಲಿನಿಂದ ಎದ್ದು ಮನೆಗಳಿಗಿಂತ ಎತ್ತರವಾಗಿ, ಕುದಿಯುತ್ತಾ, ದಾರಿಯನ್ನು ನುಂಗಿ, ಹಗ್ಗವನ್ನು ನುಂಗಿ, ಎರಡು ತಾಸಿನ ಹಿಂದೆ ಅವಳು ಮಂಡಿಯೂರಿದ್ದ ಜಾಗವನ್ನು ನುಂಗಿ, ಶಿಲುಬೆ ಕಲ್ಲಿನ ಮೇಲೆ ಹಾದು ಹೊಳೆಗೆ ಧುಮುಕಿತು. ಗಾಳಿ ಬಂದು ಜಗಲಿಯ ಕುರ್ಚಿಗಳನ್ನು ಉರುಳಿಸಿತು, ಕದಗಳು ಪಟಪಟ ಬಡಿದುಕೊಂಡವು, ಕ್ರೆಸೆನ್ಸ್ ಹಲಗೆಯನ್ನು ಅಪ್ಪಿಕೊಂಡು ಕೂತುಬಿಟ್ಟಳು. ಆ ಸದ್ದಿನ ನಟ್ಟನಡುವೆ ಒಂದು ಮನುಷ್ಯದನಿ, "ಬಂದಳು! ಬಂದಳೂ!" ಎಂದು, ಎರಡೂ ಕೈ ಮೇಲೆತ್ತಿ, ಕುಣಿಯುತ್ತಾ. ಸದ್ದು ನಿಂತ ಮೇಲೂ ಒಂದು ಕ್ಷಣ ಆ ದನಿ ನಿಲ್ಲಲಿಲ್ಲ. ಅದು ತನ್ನದೇ ಎಂದು ಮೇನಾಳಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದಾಗ.

ಹಿಮದ ಪುಡಿ ಬಹಳ ಹೊತ್ತು ಉದುರುತ್ತಲೇ ಇತ್ತು. ಎಲ್ಲರ ಹುಬ್ಬು, ಮೀಸೆ ಬೆಳ್ಳಗಾದವು. ಮೈದಾಹಿಟ್ಟು ಸುರಿದ ಹಾಗೆ ಎಂದು ಅವಳಿಗೆ ಅನ್ನಿಸಿತು, ನಗು ಬರಲಿಲ್ಲ. ಮೊದಲು ಮಾತಾಡಿದವನು ಥೆಯೋಡುಲ್ ತಾತ. "ಇವತ್ತೇ ತಾನೇ?" ಎಂದ ಸಣ್ಣ ದನಿಯಲ್ಲಿ. "ಕಲ್ಲು ಮುಟ್ಟಿದಳಲ್ಲ? ಇವತ್ತೇ ತಾನೇ?" 

ಯೋಸ್ಟ್ ಕಟಕಟೆ ಹಿಡಿದು ಆಚೆದಂಡೆಯ ಕಡೆಗೇ ನೋಡುತ್ತಿದ್ದ. ಅಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ. ತಿರುಗದೆಯೇ ಹೇಳಿದ, "ನೀನು ಕೂಗಿದೆ ಅಕ್ಕ."

"ಹೂಂ."

"ಹೆದರಿ ಕೂಗಿದ್ದಲ್ಲ."

"ಅಲ್ಲ."

"ಆ ವರ್ಷ, ಶಾಲೇಲಿ, ಲೀಸಿ ಅಲ್ಲಿ ಸಾಯ್ತಾ ಇದ್ದಾಗ? ಆಗಲೂ ಹೀಗೇ ಕಾಯ್ತಿದ್ದೆಯಾ?"

ಇಲ್ಲ ಎನ್ನಬಹುದಿತ್ತು. ಇವತ್ತು ಅವಳು ಏನು ಹೇಳಿದರೂ ಊರು ನಂಬುತ್ತಿತ್ತು. "ಹೂಂ," ಎಂದಳು. "ಬಾ ಬಾ ಅಂತ ಕರೀತಿದ್ದೆ. ಕಿಟಕಿ ಹತ್ರ ನಿಂತು."

ಅವನು ಈಗ ತಿರುಗಿದ. ರೆಪ್ಪೆಯ ಮೇಲಿನ ಹಿಮ ಕರಗಿ ಕೆನ್ನೆಗೆ ಇಳಿಯುತ್ತಿತ್ತು, ಅದು ಹಿಮವೇ ಎಂದು ಹೇಳುವ ಹಾಗಿರಲಿಲ್ಲ. "ನಾನು ಆ ದಾರೀಲಿ ಇರ್ತಿದ್ದೆ ಕಣೇ. ಈ ಹೊತ್ತಿಗೆ ಹಾಲು ಹೊತ್ಕೊಂಡು ಸರಿಯಾಗಿ ನಡುಮಧ್ಯ ಇರ್ತಿದ್ದೆ. ನಿನ್ನ ತಮ್ಮ."

"ನೀನು ಇಲ್ಲಿದ್ದೆಯಲ್ಲೋ," ಎಂದಳು ಮೇನಾ.  "ನೀನು ಇಲ್ಲಿದ್ದೆ. ಅದಕ್ಕೇ ಕೂಗೋಕಾಯ್ತು."

 ಅಷ್ಟರಲ್ಲಿ ಬಿಳಿಯ ಮಬ್ಬಿನ ಆಚೆಯಿಂದ ಒಂದು ಸದ್ದು ಬಂತು, ತಗಡಿನ ಡಬ್ಬಿಗೆ ಕಲ್ಲು ಬಡಿದ ಹಾಗೆ. ನಿಂತು, ಮತ್ತೆ ಬಂತು. ಯೋಸ್ಟ್‌ನ ಹಸು ಬ್ರೂನಾಳ ಕೊರಳಗಂಟೆ. ಅದರ ಹಿಂದೆ ಇನ್ನೊಂದು. ಮಬ್ಬು ತೆಳುವಾದಾಗ ಕೊಟ್ಟಿಗೆಯ ಚಾವಣಿ ಕಂಡಿತು, ಅದರ ಬೆನ್ನಿಗೆ ಮುತ್ತಜ್ಜಂದಿರು ಕಟ್ಟಿದ ಕಲ್ಲುಗೋಡೆಯ ಚೂಪು ಮೂತಿ, ಹಿಮವನ್ನು ಎರಡಾಗಿ ಸೀಳಿ ಆಚೀಚೆ ಕಳಿಸಿ ನಿಂತಿದ್ದದ್ದು. ಯೋಸ್ಟ್ ಗಂಟೆಗಳನ್ನು ಬೆರಳಿನಲ್ಲಿ ಎಣಿಸಿದ. ಐದು ಬಂದವು. ಆರನೆಯದಕ್ಕೆ ಇಡೀ ಜಗಲಿ ಉಸಿರು ಬಿಗಿಹಿಡಿದು ಕಾದಿತು, ತಾತ ಕೂಡ ಚೀಸಿನಿಂದ ಕೈ ತೆಗೆದಿದ್ದ. ಆರನೆಯದೂ ಬಂತು.

ಯೋಸ್ಟ್ ಕ್ಯಾನಿನ ಪಟ್ಟಿಗೆ ಕೈ ಹಾಕಿದ. ಆಮೇಲೆ ಕೈ ತೆಗೆದ. ಅಕ್ಕನ ಎದುರಿಗೆ ಬಂದು, ಶಾಲೆಗೆ ಹೋಗುವ ಹುಡುಗನ ಹಾಗೆ ನಿಂತು ಕೇಳಿದ:

"ಅಕ್ಕ, ಹೋಗ್ಲಾ?"

ಹದಿನಾರು ಚಳಿಗಾಲದಲ್ಲಿ ಆ ಊರಿನಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಬೇಡ ಎನ್ನುವುದು ಅವಳಿಗೆ ಬಾಯಿಪಾಠ. ಬೇಡ ಎಂದವಳಿಗೆ ಹೆಚ್ಚೆಂದರೆ ಅವಮಾನವಾಗುತ್ತದೆ, ಹೋಗು ಎಂದವಳಿಗೆ ಏನಾಗುತ್ತದೆ? ಅವಳು ಕೊರಕಲಿನ ಬಾಯಿಗೆ ಇಳಿದು, ಹೊಸ ಹಿಮದ ಅಂಚಿನಲ್ಲಿ ಬಗ್ಗಿ ಒಂದು ಗಡ್ಡೆ ಒಡೆದಳು. ಮುರಿದ ಆಲ್ಡರ್ ಕೊಂಬೆ, ಕಂದು ಮೊಗ್ಗು. ಉಗುರಿನಿಂದ ತೊಗಟೆ ಕೆರೆದು ಮೂಸಿದಳು, ಕಹಿ. ಮೇಲೆ ಮೋಡ ಹರಿದು ಬಂಡೆಯ ಏಣು ಕಂಡಿತು, ಎರಡೂ ಪಕ್ಕ ಮಡಿಲು ಖಾಲಿ, ಪೊದೆಗಳು ಬೋಳಾಗಿ ಮಲಗಿದ್ದವು. ಬೆಳಗಿನ ಖುಷಿ ಎಲ್ಲಿ ಹೋಯಿತೋ. ಮತ್ತೊಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು.

"ಹೋಗು," ಎಂದಳು, ಹಿಂದೆಯೇ ಇಳಿದು ಬಂದು ಕಾಯುತ್ತಿದ್ದ ತಮ್ಮನಿಗೆ. ಅವನು ಒಂದು ಹೆಜ್ಜೆ ಇಟ್ಟ ಕೂಡಲೇ, "ತಾಳೋ. ಕ್ಯಾನು ಇಲ್ಲಿ ಕೊಡು, ನಾನೂ ಬರ್ತೀನಿ."

ಯೋಸ್ಟ್ ರೊಟ್ಟಿಯನ್ನು ಮುರಿದು ಅರ್ಧ ಅವಳಿಗೆ ಕೊಟ್ಟ. ಇಬ್ಬರೂ ತಮ್ಮ ತಮ್ಮ ಪಾಲನ್ನು ಹಿಮದ ಮೇಲಿಟ್ಟರು. ಮೇನಾ ಮುಂದೆ ನಡೆದಳು.